ಶಾಲೆ ಗೋಡೆಗೆ ವಾರ್ಲಿ ಚಿತ್ರ: ಚೌಕದೊಳಗಿನ ದೇವಿಯನ್ನು ಬರೆಯಬಹುದಾ?

ಡ್ರಾಯಿಂಗ್ ಮೇಷ್ಟ್ರು (ತುಮಕೂರು ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಈ ಬೇಸಿಗೆ ರಜೆಯಲ್ಲಿ ಕಾಂಪೌಂಡ್ ಗೋಡೆಗೆ ವಾರ್ಲಿ ಚಿತ್ರ, ಅಂದರೆ ಮಹಾರಾಷ್ಟ್ರ ಕಡೆಯ ವಾರ್ಲಿ ಆದಿವಾಸಿಗಳ ಗೋಡೆ ಚಿತ್ರ, ಬರೆಯೋಣ ಅಂತ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಒಪ್ಪಿದ್ದಾರೆ. ಒಂಬತ್ತನೇ ಕ್ಲಾಸಿನ ಮಕ್ಕಳು ಮೊಬೈಲ್‌ನಲ್ಲಿ ಹುಡುಕಿ ಒಂದಷ್ಟು ಚಿತ್ರ ತಂದು ತೋರಿಸಿದರು. ಸುತ್ತಿ ಸುತ್ತಿ ಕುಣಿಯುವವರು, ಎತ್ತಿನ ಗಾಡಿ, ಭತ್ತ ಕುಟ್ಟುವವರು, ಇವೆಲ್ಲ ಸರಿ. ಜೊತೆಗೆ ಒಂದು ದೊಡ್ಡ ಚೌಕದ ಚಿತ್ರವೂ ಬಂತು. ನಾಲ್ಕೂ ಕಡೆ ತುಂಬಾ ಕುಸುರಿಯ ಅಂಚು, ಒಳಗೆ ಒಬ್ಬಳು ನಿಂತಿದ್ದಾಳೆ, ಮೇಲೆ ಸೂರ್ಯ ಚಂದ್ರ. "ಸಾರ್, ಇದನ್ನ ಗೇಟ್ ಪಕ್ಕ ಬರೆಯೋಣ, ಫ್ರೇಮ್ ಹಾಕಿದ ಹಾಗೆ ಕಾಣುತ್ತೆ" ಅಂದರು ಮಕ್ಕಳು. "ಒಳಗಿರೋದು ಯಾರು?" ಅಂತ ಒಬ್ಬಳು ಕೇಳಿದಳು.

ಇದು ಬರೀ ಅಲಂಕಾರ ಅಲ್ಲ ಅನ್ನೋದು ನೋಡಿದರೇ ಗೊತ್ತಾಗುತ್ತದೆ. ಗೋಡೆಗೆ ಬಣ್ಣ ಬೀಳುವ ಮೊದಲು ತಿಳಿದುಕೊಳ್ಳೋಣ ಅಂತ ಇಲ್ಲಿ ಕೇಳುತ್ತಿದ್ದೇನೆ. ಆ ಕಡೆಯ ಒಡನಾಟ ಇರುವವರು ದಯವಿಟ್ಟು ಹೇಳಿ.

ಬೋಯಿಸರ್ ಕನ್ನಡಿಗ

ಮೇಷ್ಟ್ರೇ, ಒಳ್ಳೆ ಕೆಲಸ ಮಾಡಿದಿರಿ, ಬರೆಯುವ ಮೊದಲೇ ಕೇಳಿದಿರಿ. ನಾನು ಕೆಲಸದ ಮೇಲೆ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಬೋಯಿಸರ್‌ನಲ್ಲಿ ನೆಲೆಸಿದ್ದೇನೆ. ನಮ್ಮ ಫ್ಯಾಕ್ಟರಿಯಲ್ಲಿ ಜೊತೆಗೆ ದುಡಿಯುವವರಲ್ಲಿ ವಾರ್ಲಿಗಳು ಜಾಸ್ತಿ. ಅವರ ಮನೆಯ ಮದುವೆಗಳಿಗೆ ಹೋಗಿ ಬಂದು ತಿಳಿದದ್ದನ್ನು ಹೇಳುತ್ತೇನೆ.

ವಾರ್ಲಿಗಳು ಮಹಾರಾಷ್ಟ್ರ ಗುಜರಾತ್ ಗಡಿಯ ಆದಿವಾಸಿಗಳು. ಡಹಾಣು, ತಲಾಸರಿ, ಜವ್ಹಾರ್, ಮೋಖಾಡಾ, ವಿಕ್ರಮಗಡ, ಈ ತಾಲೂಕುಗಳಲ್ಲಿ ಅವರ ಪಾಡಾಗಳಿವೆ. ಪಾಡಾ ಅಂದರೆ ನಮ್ಮ ಹಟ್ಟಿ ಇದ್ದ ಹಾಗೆ, ಕೆಲವೇ ಮನೆಗಳ ಗುಂಪು. ಮೊದಲು ಇದೆಲ್ಲ ಠಾಣೆ ಜಿಲ್ಲೆ, 2014ರ ಆಗಸ್ಟ್‌ನಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಯಿತು. ದಕ್ಷಿಣ ಗುಜರಾತ್‌ನಲ್ಲಿ, ದಾದ್ರಾ ಮತ್ತು ನಗರ್ ಹವೇಲಿಯಲ್ಲಿಯೂ ಇದ್ದಾರೆ. ಭತ್ತವೇ ಬದುಕು.

ಇನ್ನು ನಿಮ್ಮ ಹುಡುಗಿ ಕೇಳಿದ ಪ್ರಶ್ನೆ. ಆ ಚೌಕಕ್ಕೆ ಲಗ್ನ ಚೌಕ ಅಂತಾರೆ. ಒಳಗಿರುವವಳು ಪಾಲಘಟ. ಬೆಳೆ ಕೊಡುವ, ಸಂತಾನ ಕೊಡುವ, ಹಸಿರೆಲ್ಲದರ ತಾಯಿ. ಮದುವೆ ಮನೆಯ ಒಳಗೋಡೆಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಅವಳನ್ನು ಬರೆಯುತ್ತಾರೆ. ಬರೆಯುವವರು ಮುತ್ತೈದೆಯರು, ಅಲ್ಲಿ ಸವಾಸಿನಿಯರು ಅಂತಾರೆ. ಪಾಲಘಟ ಗೋಡೆ ಮೇಲೆ ಬಾರದೆ ಮದುವೆ ಆಗುವುದಿಲ್ಲ. ದುಡ್ಡು ಹೊಂದದೆ ಮೊದಲು ಸಂಸಾರ ಹೂಡಿ, ಮಕ್ಕಳಾದ ಮೇಲೆ ಮದುವೆ ಮಾಡಿಕೊಳ್ಳುವ ಜೋಡಿಗಳೂ ಅಲ್ಲಿವೆ. ಅವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಆದರೆ ಯಾವಾಗ ಮದುವೆಯಾದರೂ ಚೌಕ ಬರೆಯಲೇಬೇಕು.

ಇನ್ನೊಂದು ವಿಷಯ. ಅಲ್ಲಿ ಮದುವೆ ನಡೆಸಿಕೊಡುವವಳು ಹೆಂಗಸು, ಧವಲೇರಿ. ಹಾಡುತ್ತಾ ಹಾಡುತ್ತಾ ಒಂದೊಂದೇ ಶಾಸ್ತ್ರ ಮಾಡಿಸುತ್ತಾಳೆ. ಅವಳ ಹಾಡೇ ಮಂತ್ರ. ಜೊತೆಗೆ ಭಗತ ಇರುತ್ತಾನೆ, ಮೈಮೇಲೆ ದೇವರು ಬರುವವನು. ದೊಡ್ಡ ಚೌಕದ ಹತ್ತಿರವೇ ಚಿಕ್ಕದೊಂದು ದೇವ ಚೌಕ ಬರೆಯುತ್ತಾರೆ. ಅದರಲ್ಲಿ ಕುದುರೆ ಏರಿದ ಪಂಚಸಿರ್ಯಾ ಇರುತ್ತಾನೆ, ಐದು ತಲೆಯ ದೇವರು.

ಹಾಗಾಗಿ ನನ್ನ ಮಾತು ನೇರ. ಚೌಕ ಬಿಡಿ. ಅದು ದೇವರ ಕೋಣೆಯದು, ಗೇಟಿನದಲ್ಲ. ಕುಣಿತ, ಗದ್ದೆ, ಕಾಡು, ಮೀನು ಹಿಡಿಯುವುದು, ಎಷ್ಟು ಬೇಕಾದರೂ ಬರೆಯಿರಿ.

ಪುಂಡಿನಾರು (ಸಾಗರ)

ಮೇಷ್ಟ್ರೇ, ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನನ್ನದೂ ಒಂದು ಮಾತು ಸೇರಿಸುತ್ತೇನೆ.

ನಾನು ಸಾಗರದ ಕಡೆ ದೀವರ ಮನೆಯವಳು. ನಮ್ಮಲ್ಲಿ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತೇವೆ. ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು ಬರೆದದ್ದನ್ನು ನೋಡಿಕೊಂಡೇ ಬೆಳೆದೆ, ಈಗ ನಾನೂ ಬರೆಯುತ್ತೇನೆ. ಪ್ರದರ್ಶನದಲ್ಲಿ ಮಳಿಗೆ ಹಾಕಿದರೆ ಬಂದವರಲ್ಲಿ ಅರ್ಧ ಜನ "ಓ, ವಾರ್ಲಿನಾ?" ಅಂತ ಕೇಳುತ್ತಾರೆ. ಕರ್ನಾಟಕದವರೇ ಹೀಗೆ ಕೇಳಿದಾಗ ಹೊಟ್ಟೆ ಉರಿಯುತ್ತದೆ. ವಾರ್ಲಿಯ ಮೇಲೆ ಸಿಟ್ಟಲ್ಲ, ಖಂಡಿತ ಅಲ್ಲ. ನಮ್ಮ ಮನೆ ಗೋಡೆ ನಮ್ಮವರಿಗೇ ಗುರುತು ಸಿಗದೆ ಹೋಯಿತಲ್ಲ ಅಂತ.

ಗೊಂದಲ ಆಗುವುದು ಸಹಜವೇ. ಎರಡರಲ್ಲೂ ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ. ಎರಡೂ ಮದುವೆ ಮನೆಯಲ್ಲಿ ಹೆಂಗಸರು ಬರೆಯುವಂಥವು, ಎರಡಕ್ಕೂ ಹಾಡು ಬೇಕು. ಆದರೆ ಹತ್ತಿರ ಹೋಗಿ ನೋಡಿ. ನಮ್ಮದರಲ್ಲಿ ಗೆರೆಯೇ ರಾಣಿ. ಪುಂಡಿ ನಾರಿನ ಕುಂಚವನ್ನು ಗೋಡೆಗೆ ಮಲಗಿಸಿ ಎಳೆದರೆ ಉದ್ದಕ್ಕೆ ನೇರ ಗೆರೆ ಬೀಳುತ್ತದೆ. ಗೆರೆಗೆ ಗೆರೆ ಕೂಡಿಸಿ, ಮಧ್ಯೆ ಅಡ್ಡಗೆರೆ ತುಂಬಿಸಿ, ಬಾಸಿಂಗ, ಜೋಗಿ ಜಡೆ ಅಂತ ಒಂದೊಂದೇ ಸಾಲು ಕಟ್ಟುತ್ತಾ ಹೋಗುತ್ತೇವೆ. ಮನುಷ್ಯರ ಗೊಂಬೆ ಬಂದರೂ ಸ್ವಲ್ಪವೇ. ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಕೂಡ ಸೇರುತ್ತವೆ. ವಾರ್ಲಿಯಲ್ಲಿ ಬಿಳಿ ಒಂದೇ, ಮತ್ತು ಅಲ್ಲಿ ಜನವೇ ಜನ. ಎಲ್ಲರೂ ಏನಾದರೂ ಕೆಲಸದಲ್ಲಿರುತ್ತಾರೆ.

ಬೋಯಿಸರ್ ಅಣ್ಣ ಪಾಲಘಟಳ ಬಗ್ಗೆ ಬರೆದದ್ದು ಓದಿ ನಮ್ಮ ಭೂಮಿ ಹುಣ್ಣಿಮೆ ಕಣ್ಣ ಮುಂದೆ ಬಂತು. ಅವತ್ತು ಬಯಕೆಯ ಅಡುಗೆಯನ್ನು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತೇವೆ. ತೆನೆ ಹೊತ್ತ ಭೂಮಿ ಬಸುರಿ, ಅವಳಿಗೆ ಸೀಮಂತ. ಸಹ್ಯಾದ್ರಿಯ ಅತ್ತ ತುದಿಯಲ್ಲೂ ಇತ್ತ ನಮ್ಮಲ್ಲೂ ಭತ್ತ ಬೆಳೆಯುವ ಹೆಂಗಸರು ಅದೇ ತಾಯಿಯನ್ನು ಅದೇ ಮಣ್ಣು, ಅದೇ ಅಕ್ಕಿಯಲ್ಲಿ ಕರೆಯುತ್ತಾರೆ. ಯಾರೂ ಯಾರಿಂದಲೂ ನಕಲು ಮಾಡಿದ್ದಲ್ಲ.

ರಮೇಶ ಹೆಗ್ಗಡೆ

ಎಲ್ಲರಿಗೂ ಗೌರವ ಕೊಟ್ಟೇ ಒಂದು ಪ್ರಶ್ನೆ ಕೇಳುತ್ತೇನೆ. ಚೌಕ ಬರೆಯಬಾರದು ಅನ್ನುವುದು ಅತಿಯಾಗಲಿಲ್ಲವಾ? ನಾವು ಗಣಪತಿಯನ್ನು ಮದುವೆ ಕಾರ್ಡಿನ ಮೇಲೆ ಹಾಕುತ್ತೇವೆ, ಕ್ಯಾಲೆಂಡರ್ ಮೇಲೆ ಹಾಕುತ್ತೇವೆ. ಕಲೆ ಅಂದ ಮೇಲೆ ಎಲ್ಲರದ್ದು. ವಾರ್ಲಿಯವರೇ ಪಾಲಘಟಳನ್ನು ಕಾಗದದ ಮೇಲೆ ಬರೆದು ಮಾರುತ್ತಾರಲ್ಲ. ಮಕ್ಕಳು ಪ್ರೀತಿಯಿಂದ ಬರೆದರೆ ತಪ್ಪೇನು?

ಬೋಯಿಸರ್ ಕನ್ನಡಿಗ

ರಮೇಶ್ ಸರ್, ನ್ಯಾಯವಾದ ಪ್ರಶ್ನೆ. ಹೌದು, ಅವರು ಮಾರುತ್ತಾರೆ. ಯಾವುದನ್ನು ಗೋಡೆಯಿಂದ ಕಾಗದಕ್ಕೆ ಇಳಿಸಬಹುದು, ಹೇಗೆ ಇಳಿಸಬಹುದು ಅಂತ ತೀರ್ಮಾನಿಸುವವರು ಅವರೇ. ಗಣಪತಿ ನಮ್ಮವನು, ಹಾಗಾಗಿ ಕಾರ್ಡಿಗೆ ಹಾಕುವ ಸಲುಗೆ ನಮಗಿದೆ. ಪಾಲಘಟಳ ಜೊತೆ ನಮಗೆ ಆ ಸಲುಗೆ ಇಲ್ಲ. ಕೇಳಿ ಪಡೆದರೆ ಬೇರೆ ಮಾತು.

ಮದುವೆ ಮನೆಯಲ್ಲಿ ಆ ಗೋಡೆಯ ಮುಂದೆ ಕೂತು ನೋಡಿದವನಾಗಿ ಹೇಳುತ್ತೇನೆ. ಹೆಂಗಸರು ಬರೆಯುವಾಗ ಧವಲೇರಿಯ ಹಾಡು ನಡೆಯುತ್ತಲೇ ಇರುತ್ತದೆ. ಅಂಚಿನ ಒಂದು ಸಾಲು ಮುಗಿಯುವವರೆಗೂ ಕೈ ಎತ್ತುವುದಿಲ್ಲ. ಸೂರ್ಯ ಚಂದ್ರ ಇಬ್ಬರೂ ಇರಲೇಬೇಕು. ಬಾಚಣಿಗೆ, ಏಣಿ, ಮರಗಳು, ಕುದುರೆ ಮೇಲೆ ಮದುಮಗ ಮದುಮಗಳು, ಎಲ್ಲಕ್ಕೂ ಜಾಗ ಇದೆ. ಅದು ಆಹ್ವಾನ. ಮದುವೆ ಮುಗಿದ ಮೇಲೆ ಹೊಗೆಗೆ, ಮಳೆಯ ತೇವಕ್ಕೆ ಮಾಸುತ್ತದೆ, ಮುಂದೆ ಗೋಡೆ ಸಾರಿಸುವಾಗ ಅದರ ಮೇಲೇ ಸಗಣಿ ಬೀಳುತ್ತದೆ. ಅದಕ್ಕೆ ಯಾರೂ ಮರುಗುವುದಿಲ್ಲ, ಕೆಲಸ ಆಗಿದೆ. ನಾವು ಅದನ್ನು ಎನಾಮೆಲ್ ಪೇಂಟ್‌ನಲ್ಲಿ ಬರೆದು ಹತ್ತು ವರ್ಷ ಬಿಸಿಲಲ್ಲಿ ನಿಲ್ಲಿಸಿ, ಅದರ ಬುಡಕ್ಕೆ ಸೈಕಲ್ ಒರಗಿಸುತ್ತೇವೆ. ಪ್ರೀತಿ ಇದ್ದರೂ ಅದು ಸರಿ ಹೋಗುವುದಿಲ್ಲ.

ಕೈಮಗ್ಗ ಪ್ರಿಯೆ (ಬೆಂಗಳೂರು)

ಸೀರೆ ವ್ಯಾಪಾರದಲ್ಲಿ ಇರುವವಳು ನಾನು, ಹಾಗಾಗಿ ದುಡ್ಡಿನ ಮಾತೂ ಇಲ್ಲಿ ಬರಲಿ.

ಮಾರುಕಟ್ಟೆಯಲ್ಲಿ "ವಾರ್ಲಿ" ಅಂತ ಬರುವ ಸೀರೆ, ಕುರ್ತಾ, ಮಗ್, ಗೋಡೆ ಗಡಿಯಾರ, ಮೊಬೈಲ್ ಕವರ್, ಇವುಗಳಲ್ಲಿ ಹೆಚ್ಚಿನವಕ್ಕೆ ವಾರ್ಲಿ ಕೈ ಸೋಕಿಯೇ ಇರುವುದಿಲ್ಲ. ಸ್ಕ್ರೀನ್ ಪ್ರಿಂಟ್. ಒಂದು ಡಿಸೈನ್ ಕಂಪ್ಯೂಟರ್‌ನಲ್ಲಿ ಕತ್ತರಿಸಿ ಸಾವಿರ ಸಲ ಅಂಟಿಸಿರುತ್ತಾರೆ. ಒಮ್ಮೆ ಒಬ್ಬ ಸಗಟು ವ್ಯಾಪಾರಿ ನನಗೂ ಇದನ್ನೇ "ಆದಿವಾಸಿಗಳು ಕೈಯಲ್ಲಿ ಬರೆದದ್ದು" ಅಂತ ಹೇಳಿ ಕೊಡಲು ಬಂದ. ಎರಡು ಸೀರೆ ಪಕ್ಕ ಪಕ್ಕ ಬಿಚ್ಚಿ ಹಾಕಿದೆ. ಎರಡರಲ್ಲೂ ಕುಣಿಯುವವರ ಸಾಲಿನಲ್ಲಿ ಒಬ್ಬನ ಕಾಲು ಒಂದೇ ಜಾಗದಲ್ಲಿ ಮುರಿದಿತ್ತು. ಕೈಯಲ್ಲಿ ಬರೆದರೆ ಹಾಗಾಗುತ್ತದಾ?

2014ರಲ್ಲಿ ವಾರ್ಲಿ ಚಿತ್ರಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ. ನಮ್ಮ ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಗೊಂಬೆಗೆ ಇದೆಯಲ್ಲ, ಅದೇ. ಅರ್ಜಿ ಹಾಕಿದ್ದು ಡಹಾಣುವಿನ ಆದಿವಾಸಿ ಯುವ ಸೇವಾ ಸಂಘ, ಅಂದರೆ ಅಲ್ಲಿಯವರೇ. ಇದರಿಂದ ನೋಂದಾಯಿತ ಕಲಾವಿದರಿಗೆ ಆ ಹೆಸರಿನ ಮೇಲೆ ಹಕ್ಕು ಬಂತು. ಯಾರೋ ಎಲ್ಲೋ ಪ್ರಿಂಟ್ ಹಾಕಿ "ಅಸಲಿ ವಾರ್ಲಿ" ಅಂತ ಮಾರಿದರೆ ಕಾನೂನಿನ ದಾರಿ ಇದೆ. ಆದರೆ ಒಬ್ಬ ಬಡ ಕಲಾವಿದ ಊರೂರು ತಿರುಗಿ ಅಂಗಡಿಗಳ ಮೇಲೆ ಕೇಸ್ ಹಾಕಿಕೊಂಡು ಕೂರಲು ಆಗುತ್ತದಾ? ಕೊಳ್ಳುವವರು ಕೇಳಬೇಕು. ಬರೆದವರು ಯಾರು, ಯಾವ ಊರಿನವರು, ಚಿತ್ರದ ಮೇಲೆ ಅವರ ಹೆಸರು ಎಲ್ಲಿದೆ? ಈ ಮೂರು ಪ್ರಶ್ನೆಗೆ ಉತ್ತರ ಬರದಿದ್ದರೆ ಅದು ಬರೀ ಪ್ರಿಂಟು. ಬೇಕಾದರೆ ಕೊಳ್ಳಿ, ಆದರೆ ವಾರ್ಲಿ ಅನ್ನಬೇಡಿ.

ಮೇಷ್ಟ್ರಿಗೆ ಒಂದು ಸಲಹೆ. ಬಣ್ಣಕ್ಕೆ ಅಂತ ಇಟ್ಟ ಹಣದಲ್ಲಿ ಒಂದು ಭಾಗ ಕಲಾವಿದರೊಬ್ಬರನ್ನು ಕರೆಸಲು ಇಡಿ. ಹೋಗಿ ಬರುವ ಟ್ರೈನ್ ಚಾರ್ಜು, ಊಟ ವಸತಿ, ದಿನದ ಸಂಭಾವನೆ. ಊರಿನ ದಾನಿಗಳು ಕೊಟ್ಟೇ ಕೊಡುತ್ತಾರೆ.

ಹಳೇ ಓದುಗ

ಗೋಡೆಯಿಂದ ಕಾಗದಕ್ಕೆ ಬಂದದ್ದು ಹೇಗೆ ಅಂತ ಯಾರೂ ಬರೆಯಲಿಲ್ಲ. ಅದನ್ನು ತಿಳಿಯದೆ ಈ ಚರ್ಚೆ ಪೂರ್ತಿ ಆಗುವುದಿಲ್ಲ.

1970ರ ದಶಕದ ಆರಂಭದವರೆಗೆ ಹೊರಗಿನವರಿಗೆ ಈ ಚಿತ್ರಗಳ ಪರಿಚಯ ಬಹಳ ಕಡಿಮೆ. ಕರಕುಶಲ ಮಂಡಳಿಯ ಕಡೆಯಿಂದ ಭಾಸ್ಕರ ಕುಲಕರ್ಣಿ ಅನ್ನುವ ಕಲಾವಿದರು ಆ ಹಳ್ಳಿಗಳಿಗೆ ಕಾಗದ, ಬಣ್ಣ ಹಿಡಿದು ಹೋದರು. ಬಿಹಾರದಲ್ಲಿ ಬರ ಬಿದ್ದಾಗ ಕರಕುಶಲ ಕಲೆಗಳಿಗಾಗಿ ದುಡಿದ ಪುಪುಲ್ ಜಯಕರ್ ಅವರ ಮಾತಿನ ಮೇಲೆ ಮಿಥಿಲೆಗೆ ಹೋಗಿ ಹೆಂಗಸರ ಕೈಗೆ ಕಾಗದ ಕೊಟ್ಟವರೂ ಇವರೇ. ಇಂದು ನಾವು ಮಧುಬನಿ ಅಂತ ಕೊಳ್ಳುವ ಚಿತ್ರಗಳ ಹಿಂದೆಯೂ ಈ ಮನುಷ್ಯನ ಓಡಾಟ ಇದೆ.

ವಾರ್ಲಿ ಹಳ್ಳಿಗಳಲ್ಲಿ ಕುಲಕರ್ಣಿಯವರಿಗೆ ಸಿಕ್ಕವರು ಜಿವ್ಯಾ ಸೋಮಾ ಮಾಶೆ. ಹುಟ್ಟಿದ್ದು 1934ರಲ್ಲಿ. ಡಹಾಣು ತಾಲೂಕಿನ ಗಂಜಾಡ್ ಹತ್ತಿರದ ಕಲಂಬಿಪಾಡಾದಲ್ಲಿ ಇದ್ದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಆ ಹುಡುಗ ಮಾತು ಬಿಟ್ಟು ನೆಲದ ಧೂಳಿನಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ ಅಂತ ಹೇಳುತ್ತಾರೆ. ಚೌಕ ಬರೆಯುವುದು ಹೆಂಗಸರ ಕೆಲಸವಾಗಿದ್ದ ಊರಿನಲ್ಲಿ ಈ ಗಂಡಸು ಮದುವೆಗಾಗಿ ಅಲ್ಲ, ದಿನವೂ ಬರೆಯತೊಡಗಿದರು. 1970ರ ದಶಕದ ಮಧ್ಯದಲ್ಲಿ ಮುಂಬೈನ ಗ್ಯಾಲರಿ ಕೆಮೋಲ್ಡ್‌ನಲ್ಲಿ ಅವರ ಪ್ರದರ್ಶನ ಆಯಿತು. 1976ರಲ್ಲಿ ರಾಷ್ಟ್ರ ಪ್ರಶಸ್ತಿ. 1989ರಲ್ಲಿ ಪ್ಯಾರಿಸ್‌ನ ಪಾಂಪಿಡೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಅವರ ಕೃತಿಗಳಿದ್ದವು. 2011ರಲ್ಲಿ ಪದ್ಮಶ್ರೀ. 2018ರಲ್ಲಿ ತೀರಿಕೊಂಡರು.

ಅವರ ಮೀನು ಬಲೆಯ ಚಿತ್ರವನ್ನು ಒಮ್ಮೆಯಾದರೂ ನೋಡಿ. ಬಲೆ ಬಟ್ಟೆಯ ತುಂಬಾ ಹರಡಿಕೊಂಡಿರುತ್ತದೆ, ಸಾವಿರಾರು ಸಣ್ಣ ಕಣ್ಣುಗಳು, ಎಲ್ಲೂ ಸ್ಕೇಲ್ ಹಿಡಿದ ಗೆರೆ ಇಲ್ಲ. ಅದನ್ನು ಬೀಸಿದ ಮನುಷ್ಯ ಒಂದು ಮೂಲೆಯಲ್ಲಿ ಇರುವೆಯಷ್ಟು. ಮೊದಲು ಬಲೆ ಕಾಣುತ್ತದೆ, ಆಮೇಲೆ ಮೀನು, ಕೊನೆಗೆ ಮನುಷ್ಯ. ಜಗತ್ತಿನಲ್ಲಿ ಮನುಷ್ಯನ ಅಳತೆ ಇಷ್ಟೇ ಅಂತ ಅವರು ಯಾರಿಗೂ ಭಾಷಣ ಮಾಡಲಿಲ್ಲ, ಬರೆದು ತೋರಿಸಿದರು.

ಪುಂಡಿನಾರು (ಸಾಗರ)

ಹಳೇ ಓದುಗರೇ, ತುಂಬಾ ಚೆನ್ನಾಗಿ ಬರೆದಿರಿ. ಮಾಶೆಯವರ ಬಗ್ಗೆ ನನಗೂ ಅಪಾರ ಗೌರವ. ಆದರೆ ಒಂದು ನೋವು ಹೇಳಿಕೊಳ್ಳಲೇಬೇಕು. ಶತಮಾನಗಳ ಕಾಲ ಗೋಡೆ ಮೇಲೆ ಬರೆದವರು ಹೆಂಗಸರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಕಾಗದ ಬಂತು, ದುಡ್ಡು ಬಂತು, ವಿಮಾನದ ಟಿಕೆಟ್ ಬಂತು, ಆಗ ಮುಂದೆ ಬಂದು ನಿಂತವರಲ್ಲಿ ಹೆಚ್ಚಿನವರು ಗಂಡಸರು. ಇದು ವಾರ್ಲಿ ಒಂದರ ಕಥೆಯಲ್ಲ. ನಮ್ಮ ಚಿತ್ತಾರದಲ್ಲೂ ಮನೆಯೊಳಗೆ ಬರೆಯುವಾಗ ಹೆಂಗಸರು, ವೇದಿಕೆ ಮೇಲೆ ಶಾಲು ಹೊದಿಸುವಾಗ ಬೇರೆ ಯಾರೋ.

ಈಗ ಅಲ್ಲಿ ಹುಡುಗಿಯರೂ ಕಾಗದ, ಬಟ್ಟೆಯ ಮೇಲೆ ಬರೆದು ತಮ್ಮ ಹೆಸರು ಹಾಕುತ್ತಿದ್ದಾರೆ. ಮೇಷ್ಟ್ರೇ, ಕಲಾವಿದರನ್ನು ಕರೆಸುವುದಾದರೆ ಒಬ್ಬ ಹೆಣ್ಣುಮಗಳನ್ನು ಕರೆಸಲು ನೋಡಿ. ನಿಮ್ಮ ಶಾಲೆಯ ಹುಡುಗಿಯರಿಗೂ ಅದು ಬೇರೆಯೇ ಥರ ಇರುತ್ತದೆ.

ಡ್ರಾಯಿಂಗ್ ಮೇಷ್ಟ್ರು (ತುಮಕೂರು ಕಡೆ)

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಚೌಕ ಬೇಡ, ಅದು ತೀರ್ಮಾನ. ಆ ಹುಡುಗಿಗೆ ಪಾಲಘಟಳ ಕಥೆ ಹೇಳಿದೆ. "ಹಾಗಾದ್ರೆ ಬೇಡ ಸಾರ್, ಪಾಪ ಬಿಸಿಲಲ್ಲಿ ನಿಲ್ಲಿಸಬಾರದು" ಅಂದಳು.

ಈಗ ಕೈ ಕೆಲಸದ ಪ್ರಶ್ನೆ. ಎರಡು ತ್ರಿಕೋನ ಸೇರಿಸಿದರೆ ಮನುಷ್ಯ ಆಗುತ್ತದೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಮಕ್ಕಳು ಹಾಗೇ ಬರೆದರು, ಆದರೆ ಎಲ್ಲರೂ ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿದ್ದಾರೆ. ಕುಣಿಯುತ್ತಲೇ ಇಲ್ಲ. ಏನು ಮಾಡಬೇಕು?

ಬೋಯಿಸರ್ ಕನ್ನಡಿಗ

ಗುಟ್ಟು ಆ ಎರಡು ತ್ರಿಕೋನ ಮುಟ್ಟುವ ಜಾಗದಲ್ಲಿದೆ. ಸೊಂಟ ಅದು. ಮೇಲಿನದು ಎದೆ, ತುದಿ ಕೆಳಕ್ಕೆ. ಕೆಳಗಿನದು ತುದಿ ಮೇಲಕ್ಕೆ. ಮಕ್ಕಳು ಎರಡನ್ನೂ ಒಂದೇ ನೇರಕ್ಕೆ ನಿಲ್ಲಿಸಿರುತ್ತಾರೆ. ಮೇಲಿನದನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ಕೆಳಗಿನದು ಹಿಂದೆ ಉಳಿಯಲಿ, ಮಂಡಿ ಮಡಿಸಿ. ಅಷ್ಟೇ. ನಾಟಿ ಮಾಡುವವಳು ಬಗ್ಗುತ್ತಾಳೆ, ನೀರು ಹೊತ್ತವಳು ಹಿಂದಕ್ಕೆ ಸೆಟೆಯುತ್ತಾಳೆ, ಓಡುವವನು ಚಿಮ್ಮುತ್ತಾನೆ. ಮುಖಕ್ಕೆ ಕಣ್ಣು, ಮೂಗು, ಬಾಯಿ ಬರೆಯಬೇಡಿ. ತಲೆ ಒಂದು ದುಂಡು ಚುಕ್ಕೆ. ಹೆಂಗಸಾದರೆ ಪಕ್ಕದಲ್ಲಿ ತುರುಬಿನ ಇನ್ನೊಂದು ಪುಟ್ಟ ಚುಕ್ಕೆ. ದುಃಖ ಸಂತೋಷ ಎಲ್ಲ ಮೈಯಲ್ಲೇ ಕಾಣಬೇಕು.

ಇನ್ನೊಂದು, ಮಕ್ಕಳಿಗೆ ನೆಲದ ಗೆರೆ ಎಳೆಯುವ ಅಭ್ಯಾಸ ಇರುತ್ತದೆ. ಕೆಳಗೆ ನೆಲ, ಮೇಲೆ ಆಕಾಶ. ಅದನ್ನು ಬಿಡಿಸಿ. ವಾರ್ಲಿಯಲ್ಲಿ ಕಣವನ್ನು ಮೇಲಿನಿಂದ ನೋಡಿದ ಹಾಗೆ ದುಂಡಗೆ ಬರೆಯುತ್ತಾರೆ, ಅದರಲ್ಲೇ ತುಳಿಯುವ ಎತ್ತುಗಳನ್ನು ಪಕ್ಕದಿಂದ ನೋಡಿದ ಹಾಗೆ ಬರೆಯುತ್ತಾರೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಅನ್ನುವ ಲೆಕ್ಕ ಇಲ್ಲ. ಖಾಲಿ ಜಾಗ ಉಳಿದರೆ ಒಂದು ಕೋಳಿ, ಇರುವೆ ಸಾಲು, ಹಾವು, ಗೂಡಿನ ಹಕ್ಕಿ ಬರುತ್ತದೆ. ಅವು ಜಾಗ ತುಂಬಲು ಬಂದವಲ್ಲ, ಅವೂ ಊರಿನವೇ. ಮರ ಬರೆಯುವಾಗ ಎಲೆ ಎಲೆಯಾಗಿ ಸಣ್ಣ ಸಣ್ಣ ಗೀಟು ಹಾಕಬೇಕು. ಆತುರ ಮಾಡಿದರೆ ಮರ ಪೊರಕೆ ಆಗಿಬಿಡುತ್ತದೆ.

ಅವರ ಮನೆಗೋಡೆ ಕಾರ್ವಿ ಅನ್ನುವ ಕಾಡುಗಿಡದ ಕಡ್ಡಿಯದು. ಹೆಣೆದು ಎರಡೂ ಕಡೆ ಮಣ್ಣು ಸಗಣಿ ಮೆತ್ತಿರುತ್ತಾರೆ. ಅಕ್ಕಿ ನೆನೆಸಿ ಅರೆದು, ನೀರು, ಅಂಟು ಸೇರಿಸಿ ಬಣ್ಣ. ಬಿದಿರ ಕಡ್ಡಿಯ ತುದಿ ಹಲ್ಲಲ್ಲಿ ಕಚ್ಚಿ ನಾರು ಬಿಡಿಸಿದರೆ ಕುಂಚ. ನಿಮ್ಮ ಸಿಮೆಂಟ್ ಗೋಡೆಗೆ, ಅದೂ ಹೊರಗೆ, ಅಕ್ಕಿ ಹಿಟ್ಟು ಮೊದಲ ಮಳೆಗೇ ಹೋಗುತ್ತದೆ. ಕೆಮ್ಮಣ್ಣು ಬಣ್ಣದ ಎಕ್ಸ್‌ಟೀರಿಯರ್ ಎಮಲ್ಷನ್ ಬಳಿದು ಬಿಳಿ ಅಕ್ರಿಲಿಕ್‌ನಲ್ಲಿ ಬರೆಯಿರಿ. ಆದರೆ ಕ್ಲಾಸ್ ರೂಮ್ ಒಳಗೆ ಒಂದು ಸಣ್ಣ ಹಲಗೆಗೆ ಸಗಣಿ ಸಾರಿಸಿ, ಅಕ್ಕಿ ಹಿಟ್ಟಿನಲ್ಲೇ ಬರೆಯಿಸಿ ನೋಡಿ. ಹಸಿ ಇದ್ದಾಗ ಗೆರೆ ಕಾಣುವುದೇ ಇಲ್ಲ, ಒಣಗುತ್ತಾ ಬಿಳಿ ಏಳುತ್ತದೆ. ಮಕ್ಕಳಿಗೆ ಕೈಯ ಮೇಲೆ ನಂಬಿಕೆ ಬರುವುದೇ ಆಗ.

ಕೈಮಗ್ಗ ಪ್ರಿಯೆ (ಬೆಂಗಳೂರು)

ಆ ಸುತ್ತು ಕುಣಿತದ ನಡುವೆ ಒಬ್ಬ ಉದ್ದದ್ದೇನೋ ಊದುತ್ತಿರುತ್ತಾನಲ್ಲ, ಅದು ಪುಂಗಿನಾ?

ಬೋಯಿಸರ್ ಕನ್ನಡಿಗ

ತಾರ್ಪಾ, ಮೇಡಂ. ನೋಡಲು ಪುಂಗಿಯ ನೆಂಟ ಅನ್ನಬಹುದು, ಆದರೆ ಆಳೆತ್ತರದವೂ ಇವೆ. ಊದುವ ಕಡೆ ಒಣಗಿಸಿದ ಸೋರೆಕಾಯಿ, ಅದರಿಂದ ಎರಡು ಬಿದಿರ ಕೊಳವೆ, ತುದಿಗೆ ತಾಳೆ ಗರಿ ಸುತ್ತಿ ಮಾಡಿದ ಕಹಳೆ. ಕೊಳವೆಗಳನ್ನು ಜೇನುಮೇಣದಲ್ಲಿ ಕೂರಿಸುತ್ತಾರೆ. ಉಸಿರು ನಿಲ್ಲಿಸದೆ ಊದಬೇಕು. ಹೊಸ ಭತ್ತ ಬರುವ ಕಾಲದಲ್ಲಿ ತಾರ್ಪಾ ಹೊರಗೆ ಬರುತ್ತದೆ, ವರ್ಷವಿಡೀ ಬೇಕಾದಾಗ ಊದುವ ವಾದ್ಯ ಅಲ್ಲ.

ಕುಣಿಯುವವರು ಒಬ್ಬರ ಸೊಂಟಕ್ಕೆ ಒಬ್ಬರು ಕೈ ಹೆಣೆದು ಸುತ್ತುತ್ತಾರೆ. ಮುಂದೆ ಒಬ್ಬ ಗೆಜ್ಜೆ ಕೋಲು ಕುಟ್ಟುತ್ತಾ ನಡೆಸುತ್ತಾನೆ. ತಾರ್ಪಾದ ಸ್ವರ ಬದಲಾದರೆ ಹೆಜ್ಜೆಯೂ ಬದಲು. ಯಾರೂ ತಾರ್ಪಾಕ್ಕೆ ಬೆನ್ನು ತೋರಿಸುವುದಿಲ್ಲ. ಮೇಷ್ಟ್ರೇ, ಇದನ್ನು ಮಕ್ಕಳಿಗೆ ಹೇಳಿ. ಪ್ರಿಂಟ್‌ಗಳಲ್ಲಿ ಬರೀ ದುಂಡು ಸುತ್ತು ಹಾಕಿ, ಊದುವವನನ್ನೇ ಬಿಟ್ಟಿರುತ್ತಾರೆ. ಅವನಿಲ್ಲದೆ ಆ ಸುತ್ತಿಗೆ ಅರ್ಥವಿಲ್ಲ. ಸುತ್ತು ಪೂರ್ತಿ ಮುಚ್ಚಬಾರದು, ಬಾಲ ಬಿಚ್ಚಿಕೊಂಡಿರಲಿ. ಸೇರಿಕೊಳ್ಳುವವರು ಬರುತ್ತಲೇ ಇರುತ್ತಾರೆ.

ಅಂಧೇರಿ ಅಮ್ಮ

ಮುಂಬೈ ಮಧ್ಯದಲ್ಲೂ ವಾರ್ಲಿಗಳಿದ್ದಾರೆ ಅಂತ ಹೇಳಲು ಬಂದೆ. ಆರೆ ಕಾಲೊನಿಯಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅವರ ಪಾಡಾಗಳಿವೆ. ಚಿರತೆ ಓಡಾಡುವ ಜಾಗ ಅದು. ಅವರಿಗೆ ವಾಘೋಬಾ ದೇವರು, ಹುಲಿ ಚಿರತೆ ಎರಡೂ ಅವನೇ. ದೀಪಾವಳಿಯ ಹೊತ್ತಿಗೆ ವಾಘಬಾರಸ್ ಅಂತ ಅವನ ಹಬ್ಬ ಮಾಡುತ್ತಾರೆ. ನನ್ನ ತವರು ಶಿರಸಿ ಕಡೆ. ನಮ್ಮ ಹುಲಿದೇವರ ಕಟ್ಟೆಗೆ ಕಾಯಿ ಒಡೆದು ಬಂದವಳಿಗೆ ಇದೇನೂ ಹೊಸದು ಅನ್ನಿಸಲಿಲ್ಲ.

ಗೋಡೆಯಲ್ಲಿ ಒಂದು ಹುಲಿ ಬರಲಿ ಮೇಷ್ಟ್ರೇ. ಬೇಟೆಯಾಡಿ ಬಿದ್ದ ಹುಲಿ ಬೇಡ, ಜನ ಕೆಲಸ ಮಾಡುವಾಗ ಪಕ್ಕದಲ್ಲಿ ತನ್ನ ಪಾಡಿಗೆ ನಡೆದುಹೋಗುವ ಹುಲಿ.

ಹಳೇ ಓದುಗ

ಚಿತ್ರ ನೋಡಿದರೆ ಇವರ ಬದುಕು ಬರೀ ಹಾಡು ಕುಣಿತ ಅನ್ನಿಸುತ್ತದೆ. ಹಾಗಲ್ಲ. ಜಮೀನ್ದಾರರ, ಸಾಹುಕಾರರ ಕೈಯಲ್ಲಿ ತಲೆಮಾರುಗಟ್ಟಲೆ ಬಿಟ್ಟಿ ಚಾಕರಿ ಮಾಡಿದವರು ಇವರು. ತಮ್ಮದೇ ಗದ್ದೆಯಲ್ಲಿ ಕೂಲಿಗಳಾದವರು. 1945ರಲ್ಲಿ ಶಾಮರಾವ್ ಮತ್ತು ಗೋದಾವರಿ ಪರುಳೇಕರ್ ಅವರ ಜೊತೆ ರೈತ ಸಂಘಟನೆ ಕಿಸಾನ್ ಸಭಾದ ಬಾವುಟದಡಿ ತಲಾಸರಿ, ಡಹಾಣು, ಉಂಬರ್‌ಗಾಂವ್ ಕಡೆಯ ವಾರ್ಲಿಗಳು ಎದ್ದು ನಿಂತರು. ಬಿಟ್ಟಿ ಚಾಕರಿ ಮಾಡುವುದಿಲ್ಲ ಅಂದರು. ಗುಂಡು ಹಾರಿತು, ಜನ ಸತ್ತರು, ಹಿಂದೆ ಸರಿಯಲಿಲ್ಲ. ಚಿತ್ರ ಬರೆದ ಕೈಗಳು ಇವೇ.

ಈಗಲೂ ಅಲ್ಲಿ ನೆಲದ ಚಿಂತೆ ಮುಗಿದಿಲ್ಲ. ಬುಲೆಟ್ ಟ್ರೈನ್ ಹಳಿ ಪಾಲ್ಘರ್ ಜಿಲ್ಲೆಯನ್ನು ಹಾದು ಹೋಗುತ್ತದೆ. ಡಹಾಣು ತೀರದ ವಾಢವಣದಲ್ಲಿ ದೊಡ್ಡ ಬಂದರಿಗೆ 2024ರಲ್ಲಿ ಶಂಕುಸ್ಥಾಪನೆ ಆಗಿದೆ, ಊರಿನವರ ವಿರೋಧ ಅದಕ್ಕಿಂತ ಎಷ್ಟೋ ಹಳೆಯದು. ಗಂಜಾಡ್‌ನ ರಾಜೇಶ್ ವಾಂಗಡ್ ಅನ್ನುವ ಕಲಾವಿದರು ಛಾಯಾಗ್ರಾಹಕಿ ಗೌರಿ ಗಿಲ್ ಜೊತೆ 2013ರಿಂದ ಒಂದು ಕೆಲಸ ಮಾಡಿದ್ದಾರೆ. ಗಿಲ್ ಊರಿನ ಬಯಲು, ಗುಡ್ಡ, ಗದ್ದೆಯ ಫೋಟೊ ತೆಗೆಯುತ್ತಾರೆ. ಅದೇ ಫೋಟೊದ ಮೇಲೆ ವಾಂಗಡ್ ವಾರ್ಲಿ ಚಿತ್ರ ಬರೆಯುತ್ತಾರೆ. ಕ್ಯಾಮೆರಾಕ್ಕೆ ಖಾಲಿ ಬಯಲು ಕಂಡ ಕಡೆ ಇವರಿಗೆ ದೇವರು, ಜಾತ್ರೆ, ಬರ, ಕಾರ್ಖಾನೆ, ಗಲಭೆ ಎಲ್ಲ ಕಾಣುತ್ತದೆ. ವಾರ್ಲಿ ಅಂದರೆ ಎಂದೋ ನಿಂತುಹೋದ ಹಳೇ ಕಾಲ ಅನ್ನುವವರಿಗೆ ಅದನ್ನು ತೋರಿಸಬೇಕು. ರೈಲು, ಬಸ್ಸು, ಮೊಬೈಲ್ ಟವರ್ ಬರೆದರೂ ಅದು ವಾರ್ಲಿಯೇ, ಬರೆದವರು ಕಂಡದ್ದನ್ನು ಬರೆದಿದ್ದಾರೆ.

ರಮೇಶ ಹೆಗ್ಗಡೆ

ಬೋಯಿಸರ್ ಅವರ ಉತ್ತರ ನನಗೆ ಒಪ್ಪಿಗೆಯಾಯಿತು. ಊರಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಕಲಾವಿದರು ಬಂದು ಹೋಗುವ ಖರ್ಚು ನಮ್ಮ ಕಡೆಯಿಂದ. ಮೇಷ್ಟ್ರು ನನಗೆ ಪ್ರತ್ಯೇಕ ಸಂದೇಶ ಹಾಕಿ. ಗೋಡೆ ಮೇಲೆ ಟ್ರಸ್ಟ್ ಹೆಸರು ಬೇಡ.

ಡ್ರಾಯಿಂಗ್ ಮೇಷ್ಟ್ರು (ತುಮಕೂರು ಕಡೆ)

ರಮೇಶ್ ಸರ್, ದೊಡ್ಡ ಉಪಕಾರ. ಮಕ್ಕಳ ಜೊತೆ ಕೂತು ಯೋಜನೆ ಬದಲಿಸಿದೆವು. ಉದ್ದದ ಗೋಡೆಗೆ ತಾರ್ಪಾ ಕುಣಿತ, ಭತ್ತದ ನಾಟಿಯಿಂದ ಕಣದವರೆಗಿನ ಕೆಲಸ, ಮೀನು ಬಲೆ, ಅಂಧೇರಿ ಅಮ್ಮ ಹೇಳಿದ ಹುಲಿ. ಪಕ್ಕದಲ್ಲಿ ಒಂದು ಬೋರ್ಡು. ವಾರ್ಲಿಗಳು ಯಾರು, ಎಲ್ಲಿಯವರು, ಕಲಿಸಿದ ಕಲಾವಿದರ ಹೆಸರು, ಊರು. ಮಕ್ಕಳ ಹೆಸರು ಅದರ ಕೆಳಗೆ.

ಶಾಲೆಯ ಒಳಗಿನ ಜಗಲಿ ಗೋಡೆ ಖಾಲಿ ಇದೆ. ಸಾಗರದ ಅಕ್ಕ ಒಪ್ಪಿದರೆ ಅದಕ್ಕೆ ಚಿತ್ತಾರ. ಎರಡೂ ಪಕ್ಕ ಪಕ್ಕ ನೋಡಿ ಬೆಳೆದ ಮಕ್ಕಳು ಯಾವತ್ತೂ ಒಂದನ್ನು ಇನ್ನೊಂದು ಅನ್ನುವುದಿಲ್ಲ.

ಪುಂಡಿನಾರು (ಸಾಗರ)

ಅಕ್ಕ ಒಪ್ಪಿದ್ದಾಳೆ. ಪುಂಡಿ ನಾರು ನಾನೇ ತರುತ್ತೇನೆ. ಆದರೆ ಮದುವೆಯ ಹಸೆ ಬರೆಯುವುದಿಲ್ಲ, ಬುಟ್ಟಿ ಮೇಲೆ ಬರೆಯುವ ಸಾಲುಗಳನ್ನು ಕಲಿಸುತ್ತೇನೆ. ನಮ್ಮಲ್ಲೂ ಒಳಗಿನದು ಒಳಗೇ ಇರಲಿ.

ಬೋಯಿಸರ್ ಕನ್ನಡಿಗ

ಮೇಷ್ಟ್ರೇ, ಗಂಜಾಡ್ ಕಡೆ ಪರಿಚಯದ ಒಬ್ಬ ಹೆಣ್ಣುಮಗಳ ಹತ್ತಿರ ಮಾತಾಡಿದ್ದೇನೆ. ಬರಲು ಮನಸ್ಸಿದೆ, ಜೊತೆಗೆ ತಮ್ಮ ಬರುತ್ತಾನಂತೆ. ಇಬ್ಬರಿಗೂ ಟಿಕೆಟ್ ಮಾಡಿಸಿ. ಹಿಂದಿ ಬರುತ್ತದೆ, ತೊಂದರೆ ಇಲ್ಲ. ಸಂಭಾವನೆ ಎಷ್ಟು ಅಂತ ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ. "ಬಂದ ಮೇಲೆ ನೋಡೋಣ" ಅನ್ನಬೇಡಿ, ಹಾಗೆ ಕರೆಸಿಕೊಂಡು ಬರಿಗೈಲಿ ಕಳಿಸಿದವರು ಬಹಳ ಜನ ಇದ್ದಾರೆ.

ದಿನ ಮಾತ್ರ ಈಗಲೇ ಗೊತ್ತು ಮಾಡಿ. ಮೇ ತಿಂಗಳು ಅಲ್ಲಿ ಮದುವೆಗಳ ಕಾಲ, ಅವಳ ಚಿಕ್ಕಮ್ಮನ ಮನೆಯಲ್ಲೇ ಒಂದು ಚೌಕ ಬರೆಯುವುದಿದೆ. ಮಳೆ ಹಿಡಿದ ಮೇಲೆ ಎಲ್ಲರೂ ಗದ್ದೆಯಲ್ಲಿರುತ್ತಾರೆ, ನಾಟಿ ಬಿಟ್ಟು ಯಾರೂ ಹೊರಡುವುದಿಲ್ಲ. ಮೇ ಕೊನೆಯ ವಾರ ನಿಮಗೆ ಆಗುತ್ತದಾ ಹೇಳಿ, ಇವತ್ತೇ ಅವಳಿಗೆ ತಿಳಿಸುತ್ತೇನೆ.